ವಿಧಾನಸೌಧಕ್ಕೆ ಮೊದಲು ವಿದುರಾಶ್ವತ್ಥ

ಶಾಲಾ ಪ್ರವಾಸ ಎಂದರೆ ಸಾಕು, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮಕ್ಕಳಿಗೆ ಹಿಂದಿನ ರಾತ್ರಿ ನಿದ್ದೆಯೇ ಬರುವುದಿಲ್ಲ. ಸಂಸತ್ತು ಇರುವ ದೆಹಲಿ ದೂರ. ವಿಧಾನಸೌಧವಾದರೆ ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮನೆ ಸೇರುವಷ್ಟು ಹತ್ತಿರ. ಆದರೆ ಮಕ್ಕಳೇ, ಅಲ್ಲಿಗೆ ಹೋಗುವ ಮೊದಲು ನಮ್ಮ ಜಿಲ್ಲೆಯದೇ ಒಂದು ಊರನ್ನು ನೋಡಿರಬೇಕು. ಅದು ಗೌರಿಬಿದನೂರಿನ ಪಕ್ಕದ ವಿದುರಾಶ್ವತ್ಥ.

ಮಹಾಭಾರತದ ವಿದುರ ನೆಟ್ಟದ್ದೆಂದು ಹಿರಿಯರು ಹೇಳುವ ಅರಳಿಮರದಿಂದ ಊರಿಗೆ ಆ ಹೆಸರು. 1938ರ ಏಪ್ರಿಲ್ 25ರಂದು ಅಲ್ಲಿ ಸಾವಿರಾರು ಜನ ಸೇರಿದ್ದರು. ಮೈಸೂರು ಸಂಸ್ಥಾನದಲ್ಲಿ ಆಗ ತ್ರಿವರ್ಣ ಧ್ವಜ ಹಾರಿಸಲು ಅಡ್ಡಿಯಿತ್ತು. ಆದರೂ ಜನ ಹಿಂದೆ ಸರಿಯಲಿಲ್ಲ. ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಬಿಟ್ಟರು. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಹೆಸರಾದ ಆ ಜಾಗದಲ್ಲಿ ಈಗ ಹುತಾತ್ಮರ ಸ್ಮಾರಕವಿದೆ.

ಆ ಜನರಿಗೆ ಬೇಕಾಗಿದ್ದುದು ಬಾವುಟವೊಂದೇ ಅಲ್ಲ. ಮೈಸೂರಿನಲ್ಲಿ 1881ರಿಂದಲೂ ಪ್ರಜಾಪ್ರತಿನಿಧಿ ಸಭೆ ಇತ್ತು. ಸದಸ್ಯರು ಕಷ್ಟ ಹೇಳಿಕೊಳ್ಳಬಹುದಿತ್ತು. ಆದರೆ ದಿವಾನರನ್ನು ಅಧಿಕಾರದಿಂದ ಇಳಿಸುವ ಶಕ್ತಿ ಸಭೆಗೆ ಇರಲಿಲ್ಲ. ಜನ ಆರಿಸಿದವರೇ ಆಳಬೇಕು, ತಪ್ಪಿದರೆ ಜನರಿಗೆ ಉತ್ತರ ಕೊಡಬೇಕು ಎಂಬುದು ಬೇಡಿಕೆ. ಅದು ಈಡೇರಿದ್ದು 1947ರ ಅಕ್ಟೋಬರಿನಲ್ಲಿ. ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ ಅವರು ಮೊದಲ ಮುಖ್ಯಮಂತ್ರಿಯಾದರು. ನಮ್ಮ ನಾಲ್ಕೂ ತಾಲ್ಲೂಕುಗಳು ಆಗ ಕೋಲಾರ ಜಿಲ್ಲೆಗೇ ಸೇರಿದ್ದವು.

1951ರ ಜುಲೈ 13ರಂದು ಪ್ರಧಾನಿ ನೆಹರೂ ವಿಧಾನಸೌಧಕ್ಕೆ ಅಡಿಗಲ್ಲು ಹಾಕಿದರು. ಇಂದು ಕಾಣುವ ಭವ್ಯ ಕಲ್ಲಿನ ಕಟ್ಟಡ ಕೆಂಗಲ್ ಹನುಮಂತಯ್ಯನವರ ಕನಸು. 1956ರಲ್ಲಿ ಅದು ಪೂರ್ತಿಯಾಯಿತು.

ಒಳಗೆ ಹೋಗಲು ಅನುಮತಿ ಸಿಕ್ಕರೆ ವಿಧಾನಸಭೆಯ ಗ್ಯಾಲರಿಯಿಂದ ಗಮನಿಸಿ ನೋಡಿ. ಸಭಾಧ್ಯಕ್ಷರ ಬಲಗಡೆ ಆಡಳಿತ ಪಕ್ಷ, ಎಡಗಡೆ ವಿರೋಧ ಪಕ್ಷ. ಒಟ್ಟು 224 ಶಾಸಕರು. ಶಿಡ್ಲಘಟ್ಟದ ರೇಷ್ಮೆಗೂಡಿನ ಬೆಲೆಯಾಗಲಿ, ನಿಮ್ಮೂರಿನ ಕುಡಿಯುವ ನೀರಾಗಲಿ, ಶಾಸಕರು ಕೇಳಿದ ಪ್ರಶ್ನೆಗೆ ಮಂತ್ರಿಗಳು ಎದ್ದು ನಿಂತು ಉತ್ತರ ಹೇಳಬೇಕು. ನೀವು ಮಾತ್ರ ಅಲ್ಲಿ ಮಾತಾಡುವಂತಿಲ್ಲ, ಚಪ್ಪಾಳೆಯನ್ನೂ ತಟ್ಟುವಂತಿಲ್ಲ!

ದೆಹಲಿಯ ಲೋಕಸಭೆಯಲ್ಲೂ ಇದೇ ಕ್ರಮ. ಅಲ್ಲಿನ 543 ಸ್ಥಾನಗಳಲ್ಲಿ 28 ಕರ್ನಾಟಕದವು. ಈಗ ಒಂದು ಒಗಟು: ಒಂದೇ ಜಿಲ್ಲೆಯವರಾದರೂ ಗೌರಿಬಿದನೂರಿನ ಮಕ್ಕಳಿಗೂ ಚಿಂತಾಮಣಿಯ ಮಕ್ಕಳಿಗೂ ಸಂಸದರು ಬೇರೆ ಬೇರೆ. ಏಕೆ? ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ವಿಧಾನಸಭಾ ಕ್ಷೇತ್ರಗಳು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಶಿಡ್ಲಘಟ್ಟ, ಚಿಂತಾಮಣಿ ಮಾತ್ರ ಕೋಲಾರ ಲೋಕಸಭಾ ಕ್ಷೇತ್ರದಲ್ಲಿವೆ.

ತಾತಂದಿರೇ, ಅಜ್ಜಿಯರೇ, ನಿಮಗೂ ಒಂದು ಕೆಲಸವಿದೆ. ಮೊದಲ ಸಲ ವೋಟು ಹಾಕಿದ ದಿನದ ಕಥೆಯನ್ನು ಮೊಮ್ಮಕ್ಕಳಿಗೆ ಹೇಳಿ. ವಿದುರಾಶ್ವತ್ಥದ ಬಗ್ಗೆ ನಿಮ್ಮ ಅಪ್ಪ ಅಮ್ಮ ಹೇಳಿದ್ದು ನೆನಪಿದ್ದರೆ ಅದನ್ನೂ ಹೇಳಿ. ಮಕ್ಕಳೇ, ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಹತ್ತು ವರ್ಷದವರಿಗೆ ವೋಟು ಬರಲು ಇನ್ನು ಎಂಟೇ ವರ್ಷ. ನಿಮ್ಮ ಶಾಸಕರನ್ನು ಏನು ಕೇಳಬೇಕೆಂದು ಈಗಲೇ ಯೋಚಿಸಿಡಿ.