ತಾರೆಗಳ ತಂಡ, ನೆಲದ ತಂಡ: ಹೊಸ ಋತುವಿನ ಹೊಸ್ತಿಲಲ್ಲಿ ಬೆಂಗಳೂರು ಎಫ್‌ಸಿ

ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕೊನೆಗೂ ಶುರುವಾಗುತ್ತಿದೆ. ಸೆಪ್ಟೆಂಬರಿನಲ್ಲೇ ಚೆಂಡು ಉರುಳಬೇಕಿತ್ತು. ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುವ ಸಂಸ್ಥೆಯ ನಡುವಿನ 15 ವರ್ಷಗಳ ಒಪ್ಪಂದ ಮುಗಿಯುತ್ತ ಬಂದಿತ್ತು, ಮುಂದೇನು ಎಂಬುದು ಇತ್ಯರ್ಥವಾಗಿರಲಿಲ್ಲ. ಹೀಗಾಗಿ 2025ರ ಜುಲೈನಲ್ಲಿ ಟೂರ್ನಿಯನ್ನೇ ತಡೆಹಿಡಿದರು. ಆಟಗಾರರು ತಿಂಗಳುಗಟ್ಟಲೆ ಕಾದರು, ಅಭಿಮಾನಿಗಳೂ ಕಾದರು. ಈಗ 2026ರ ಫೆಬ್ರವರಿ 14ಕ್ಕೆ ಮುಹೂರ್ತ ಕೂಡಿಬಂದಿದೆ. ಕಣದಲ್ಲಿ 14 ತಂಡಗಳಿವೆ, ಪ್ರತಿ ತಂಡಕ್ಕೆ 13 ಪಂದ್ಯ. ಕಳೆದ ಬಾರಿ ಒಂದೊಂದು ತಂಡ 24 ಲೀಗ್ ಪಂದ್ಯ ಆಡಿತ್ತು. ಮೊದಲಿಗೆ ಎಡವಿ ಆಮೇಲೆ ಸಾವರಿಸಿಕೊಳ್ಳಲು ಈ ಸಲ ಪುರುಸೊತ್ತಿಲ್ಲ.

ಇಷ್ಟು ಚಿಕ್ಕ ಋತುವಿನಲ್ಲಿ ದೊಡ್ಡ ಹೆಸರುಗಳ ತಂಡವೊಂದು ಹೇಗೆ ಆಡೀತು? ಬೆಂಗಳೂರು ಎಫ್‌ಸಿಯನ್ನು ಬಲ್ಲವರ ಮನಸ್ಸಿನಲ್ಲಿರುವುದು ಈ ಪ್ರಶ್ನೆ. ಅರಿಯದವರಿಗೆ ತಂಡದ ಪರಿಚಯವಾಗಲಿ, ಬಲ್ಲವರಿಗೆ ಋತುವಿನ ದಿಕ್ಸೂಚಿಯಾಗಲಿ ಎಂದು ಈ ಬರಹ.

ಸೋನ್ಯಾಳದಿಂದ ಕಾಣುವ ಎರಡು ಮೈದಾನ

ಈ ತಂಡವನ್ನು ಮೊದಲು ಗಡಿಯ ಹಳ್ಳಿಯೊಂದರಿಂದ ನೋಡೋಣ. ಜತ್ತ ತಾಲ್ಲೂಕಿನ ಸೋನ್ಯಾಳ ಆಡಳಿತದ ಲೆಕ್ಕದಲ್ಲಿ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದ್ದು, ಮನೆಮಾತಿನಲ್ಲಿ ಕನ್ನಡದ್ದು. ಮಳೆ ಕಡಿಮೆ, ಜೋಳದ ನೆಲ. ಜಾತ್ರೆ ಬಂತೆಂದರೆ ಕುಸ್ತಿ, ಊರ ಹುಡುಗರು ಸೇರಿದರೆ ಕಬಡ್ಡಿ. ಇಲ್ಲಿಂದ ಫುಟ್‌ಬಾಲಿನ ಕಡೆ ನೋಡುವವರಿಗೆ ಎರಡು ದಿಕ್ಕಿನಲ್ಲಿ ಎರಡು ಬಗೆಯ ಮೈದಾನ ಕಾಣುತ್ತದೆ.

ಒಂದು, ಪಶ್ಚಿಮಕ್ಕಿರುವ ಕೊಲ್ಹಾಪುರ. ಅಲ್ಲಿ ಫುಟ್‌ಬಾಲ್ ಎಂದರೆ ಪೇಟೆಯ ಮಾನ. ಪಾಟಾಕಡೀಲ ತಾಲೀಮ್ ಮಂಡಳ, ದಿಲ್‌ಬಹಾರ್ ತಾಲೀಮ್, ಖಂಡೋಬಾ ತಾಲೀಮ್, ಬಾಲಗೋಪಾಲ ತಾಲೀಮ್, ಶಿವಾಜಿ ತರುಣ ಮಂಡಳ – ಹೆಸರುಗಳೇ ಹೇಳುವಂತೆ ಅಲ್ಲಿನ ಎಷ್ಟೋ ತಂಡಗಳಿಗೆ ತವರು ಗರಡಿಮನೆ. ಶಾಹು ಸ್ಟೇಡಿಯಂನಲ್ಲಿ ಎರಡು ಪೇಟೆಗಳು ಎದುರಾದರೆ ಓಣಿಗೆ ಓಣಿಯೇ ಅಲ್ಲಿ ಸೇರುತ್ತದೆ. 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿದ ಅನಿಕೇತ್ ಜಾಧವ್ ಕೊಲ್ಹಾಪುರದ ಹುಡುಗ.

ಇನ್ನೊಂದು, ಐನೂರು ಕಿಲೋಮೀಟರಿಗೂ ಆಚೆ ಇರುವ ಬೆಂಗಳೂರಿನ ಕಂಠೀರವ. ಅಲ್ಲಿನ ನೀಲಿ ತಂಡಕ್ಕೆ ಪೇಟೆಯೂ ಇರಲಿಲ್ಲ, ಗರಡಿಯೂ ಇರಲಿಲ್ಲ. ಕಂಪನಿಯೊಂದು ಹಣ ಹೂಡಿ, ಆಟಗಾರರನ್ನು ಆರಿಸಿ ತಂದು ಕಟ್ಟಿದ ತಂಡವದು. ಹೀಗೆ ಕೊಂಡು ಕಟ್ಟಿದ್ದು ಒಂದು ನೆಲದ ಸ್ವಂತದ್ದಾಗುವುದು ಹೇಗೆಂಬುದೇ ಬೆಂಗಳೂರು ಎಫ್‌ಸಿಯ ನಿಜವಾದ ಕಥೆ.

ಹಳೆಯ ನೆಲ, ಹೊಸ ಕ್ಲಬ್

ಬೆಂಗಳೂರಿಗೆ ಕಾಲ್ಚೆಂಡು ಹೊಸದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದಿತು, ಮರುವರ್ಷವೂ ಗೆದ್ದಿತು. ಬ್ರಿಟಿಷ್ ಪಲ್ಟಣಗಳೇ ಆಳುತ್ತಿದ್ದ ಟೂರ್ನಿಯದು. ಸ್ವತಂತ್ರ ಭಾರತ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು 1–2ರಿಂದ ಸೋತಾಗ ನಮ್ಮ ಏಕೈಕ ಗೋಲು ಬಾರಿಸಿದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಇದೇ ಊರಿನವರು. ಮೈಸೂರು ರಾಜ್ಯ ತಂಡ 1946–47, 1952–53, 1967–68 ಮತ್ತು 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳು ಆಟಗಾರರನ್ನು ಬೆಳೆಸಿದವು. ಎಚ್‌ಎಎಲ್, ಐಟಿಐಯಂಥ ಕಾರ್ಖಾನೆಗಳು ಅವರಿಗೆ ಕೆಲಸ ಕೊಟ್ಟು ಆಡಿಸಿದವು. ಕಾಲ ಕಳೆದಂತೆ ಕಾರ್ಖಾನೆ ತಂಡಗಳು ಸೊರಗಿದವು, ಗ್ಯಾಲರಿಗಳು ಖಾಲಿಯಾದವು.

ಅಂಥ ಹೊತ್ತಿನಲ್ಲಿ, 2013ರ ಜುಲೈನಲ್ಲಿ, ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿಯನ್ನು ಹುಟ್ಟುಹಾಕಿತು. ಕೋಚ್ ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್, ನಾಯಕ ಸುನಿಲ್ ಚೆಟ್ರಿ. ಸೆಪ್ಟೆಂಬರಿನಲ್ಲಿ ಅಶೋಕನಗರದ ಹಳೆಯ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೋಹನ್ ಬಾಗಾನ್ ಜತೆ ಮೊದಲ ಪಂದ್ಯ 1–1ರಿಂದ ಸಮವಾಯಿತು. ಏಳೇ ತಿಂಗಳಲ್ಲಿ ತಂಡ ಐ–ಲೀಗ್ ಚಾಂಪಿಯನ್ ಆಗಿತ್ತು. ಪದಾರ್ಪಣೆಯ ಋತುವಿನಲ್ಲೇ ದೇಶದ ಅಗ್ರ ಲೀಗ್ ಗೆದ್ದದ್ದು ಆಕಸ್ಮಿಕವಲ್ಲ. ತೂಕ, ಊಟ, ನಿದ್ದೆ, ಓಟ ಎಲ್ಲಕ್ಕೂ ವೆಸ್ಟ್‌ವುಡ್ ಶಿಸ್ತು ತಂದಿದ್ದರು. ಪಂದ್ಯದ ಕೊನೆಯ ಇಪ್ಪತ್ತು ನಿಮಿಷ ಎದುರಾಳಿ ಏದುಸಿರು ಬಿಡುವಾಗಲೂ ಬೆಂಗಳೂರಿನವರು ಓಡುತ್ತಿದ್ದರು.

ಎರಡನೇ ವರ್ಷ ಕಲಿಸಿದ ಪಾಠ ಬೇರೆ. 2015ರ ಮೇ 31ರಂದು ಕಂಠೀರವದಲ್ಲಿ ಸುರಿವ ಮಳೆ. ಕೊನೆಯ ಪಂದ್ಯದಲ್ಲಿ ಮೋಹನ್ ಬಾಗಾನ್ ವಿರುದ್ಧ ಗೆದ್ದರೆ ಲೀಗ್ ಮತ್ತೆ ಬೆಂಗಳೂರಿನದು. 1–0 ಮುನ್ನಡೆಯಲ್ಲಿದ್ದ ತಂಡಕ್ಕೆ 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ಅವರ ಹೆಡರ್ ಬಿತ್ತು. ಪಂದ್ಯ ಸಮವಾಗಿ ಟ್ರೋಫಿ ಕೋಲ್ಕತ್ತಕ್ಕೆ ಹೋಯಿತು. ಗೆಲುವಿನಲ್ಲಿ ಜನ ಬರುವುದು ಸಹಜ; ಆ ನಿರಾಸೆಯ ನಂತರವೂ ಬಂದರಲ್ಲ, ಅಲ್ಲಿಂದ ಈ ತಂಡ ಬೇರು ಬಿಟ್ಟಿತು ಎನ್ನಬೇಕು. ಪಶ್ಚಿಮ ಗ್ಯಾಲರಿಯಲ್ಲಿ ನಿಂತು ತೊಂಬತ್ತು ನಿಮಿಷವೂ ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿ ಬಳಗ ತಂಡದ ಹನ್ನೆರಡನೇ ಆಟಗಾರನಾಯಿತು. 2015–16ರ ಐ–ಲೀಗ್ ಮತ್ತೆ ಬೆಂಗಳೂರಿಗೆ ಬಂತು.

2016ರ ಅಕ್ಟೋಬರ್ 19ರ ರಾತ್ರಿಯನ್ನು ಆ ಗ್ಯಾಲರಿ ಮರೆಯುವುದಿಲ್ಲ. ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಹಾಲಿ ಚಾಂಪಿಯನ್, ಮಲೇಷ್ಯಾದ ಜೊಹೋರ್ ದಾರುಲ್ ತಾಜಿಮ್. ಚೆಟ್ರಿ ಎರಡು, ಸ್ಪೇನಿನ ಹುವಾನನ್ ಒಂದು ಗೋಲು ಹೊಡೆದು 3–1ರಿಂದ ಗೆದ್ದಾಗ ಭಾರತದ ಕ್ಲಬ್ಬೊಂದು ಮೊದಲ ಬಾರಿಗೆ ಈ ಟೂರ್ನಿಯ ಫೈನಲ್ ತಲುಪಿತು. ದೋಹಾದ ಫೈನಲ್‌ನಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು 0–1ರ ಸೋಲು. ಆದರೆ ಮೂರು ವರ್ಷದ ಕೂಸು ಏಷ್ಯಾದ ಅಂಗಳದಲ್ಲಿ ನಿಂತಿತ್ತು.

ಎರಡು ಮಾರ್ಚ್ 17

2017ರಲ್ಲಿ ತಂಡ ಐ–ಲೀಗ್ ಬಿಟ್ಟು ಐಎಸ್‌ಎಲ್‌ಗೆ ಬಂತು. ನಾರ್ವೆಯ ಸ್ಟಾಬೆಕ್ ಕ್ಲಬ್‌ನಿಂದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಬಂದರು, ವೆನೆಜುವೆಲಾದ ಸ್ಟ್ರೈಕರ್ ಮಿಕು ಬಂದರು. ಲೀಗ್ ಹಂತದಲ್ಲಿ ಅಗ್ರಸ್ಥಾನ ಸಿಕ್ಕಿತು. 2018ರ ಮಾರ್ಚ್ 17, ತವರಿನಲ್ಲೇ ಫೈನಲ್. ಚೆಟ್ರಿ ಆರಂಭದಲ್ಲೇ ಗೋಲು ತಂದರೂ ಚೆನ್ನೈಯಿನ್ ತಂಡದ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳನ್ನು ತಲೆಯಿಂದ ಗೋಲಾಗಿಸಿದರು. 2–3ರ ಸೋಲು.

ಸರಿಯಾಗಿ ವರ್ಷದ ನಂತರ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಎಫ್‌ಸಿ ಗೋವಾ ವಿರುದ್ಧ ಫೈನಲ್. ಹೆಚ್ಚುವರಿ ಸಮಯದ 117ನೇ ನಿಮಿಷ, ಮತ್ತದೇ ಕಾರ್ನರ್. ಡಿಮಾಸ್ ಡೆಲ್ಗಾಡೊ ಕಳಿಸಿದ ಚೆಂಡಿಗೆ ತಲೆ ಕೊಟ್ಟವರು ಬೆಂಗಳೂರಿನ ಡಿಫೆಂಡರ್ ರಾಹುಲ್ ಭೇಕೆ. ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದ ತಂಡವೇ ಐಎಸ್‌ಎಲ್ ಟ್ರೋಫಿಯನ್ನೂ ಎತ್ತಿದ್ದು ಅದೇ ಮೊದಲು. ಚೆಟ್ರಿ, ಮಿಕು ಇಬ್ಬರೂ ಇದ್ದ ತಂಡಕ್ಕೆ ಕಪ್ ತಂದುಕೊಟ್ಟದ್ದು ಹಿಂದಿನ ಸಾಲಿನ ಆಟಗಾರ.

ನಾಯಕ ಬೆಂಚಿನಲ್ಲಿ ಕೂತ ವರ್ಷ

ತಾರೆಗಳ ತಂಡ ಹೇಗೆ ಎಡವುತ್ತದೆ, ಹೇಗೆ ಏಳುತ್ತದೆ ಎಂಬುದಕ್ಕೆ 2022–23ರ ಋತುವಿನಷ್ಟು ಒಳ್ಳೆಯ ಉದಾಹರಣೆ ಬೇರೆ ಇಲ್ಲ. ಫಿಜಿಯ ರಾಯ್ ಕೃಷ್ಣ, ಸ್ಪೇನಿನ ಹಾವಿ ಹೆರ್ನಾಂಡೆಜ್, ರಕ್ಷಣೆಯಲ್ಲಿ ಸಂದೇಶ್ ಜಿಂಗನ್, ಜತೆಗೆ ಚೆಟ್ರಿ, ಗುರ್‌ಪ್ರೀತ್ – ಹೆಸರು ಓದಿದರೆ ಟ್ರೋಫಿ ಆಗಲೇ ಬಂದಂತೆ. ಸೆಪ್ಟೆಂಬರಿನಲ್ಲಿ ಡುರಾಂಡ್ ಕಪ್ ಬಂದದ್ದೂ ಹೌದು. ಆದರೆ ಲೀಗ್ ಶುರುವಾದ ಮೇಲೆ ಸೋಲಿನ ಮೇಲೆ ಸೋಲು. ತಂಡ ಅಂಕಪಟ್ಟಿಯ ಕೆಳಭಾಗಕ್ಕೆ ಜಾರಿತು.

ಆಗ ಕೋಚ್ ಸೈಮನ್ ಗ್ರೇಸನ್ ಗಟ್ಟಿ ನಿರ್ಧಾರ ತೆಗೆದುಕೊಂಡರು. ಕ್ಲಬ್‌ನ ಕಿರಿಯರ ತಂಡದಿಂದ ಬಂದ, ಇಪ್ಪತ್ತೊಂದರ ಶಿವಶಕ್ತಿ ನಾರಾಯಣನ್ ಮುಂಚೂಣಿಗೆ ಬಂದರು, ಚೆಟ್ರಿ ಬದಲಿ ಆಟಗಾರರ ಬೆಂಚಿಗೆ ಸರಿದರು. ದೇಶದ ಅತಿ ದೊಡ್ಡ ಆಟಗಾರ ಮುಖ ಗಂಟಿಕ್ಕಲಿಲ್ಲ. ತನ್ನ ಸರದಿ ಬರುವ ತನಕ ಕಾದರು, ಬಂದಾಗ ಕೆಲಸ ಮುಗಿಸಿದರು. ತಂಡ ಸತತ ಎಂಟು ಪಂದ್ಯ ಗೆದ್ದು ಪ್ಲೇಆಫ್‌ಗೆ ಏರಿತು. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಬದಲಿಯಾಗಿ ಇಳಿದಿದ್ದ ಚೆಟ್ರಿ, ಹೆಚ್ಚುವರಿ ಸಮಯದಲ್ಲಿ ಎದುರಾಳಿಗಳು ಗೋಡೆ ಕಟ್ಟುವ ಮುನ್ನವೇ ಫ್ರೀ ಕಿಕ್ ಒದ್ದು ಗೋಲು ಮಾಡಿದರು. ರೆಫರಿ ಅದನ್ನು ಎತ್ತಿಹಿಡಿದಾಗ ಕೇರಳದವರು ಮೈದಾನ ಬಿಟ್ಟು ನಡೆದರು. ಇಂದಿಗೂ ವಾದ ಮುಗಿದಿಲ್ಲ. ಮರುದಿನವೇ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಮಣಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಎತ್ತಿತು. ಕನ್ನಡ ನಾಡಿನ ಫುಟ್‌ಬಾಲಿಗೆ ಅಂಥ ಎರಡು ದಿನ ಹಿಂದೆ ಯಾವಾಗ ಬಂದಿತ್ತೋ! ಐಎಸ್‌ಎಲ್ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ವಿರುದ್ಧ 2–2ರ ಸಮಬಲದ ನಂತರ ಬೆಂಗಳೂರು ಪೆನಾಲ್ಟಿಯಲ್ಲಿ ಸೋತಿತು. ಆದರೂ ಆ ಋತು ಹೇಳಿದ ಮಾತು ನಿಂತಿತು: ತಾರೆ ಮತ್ತು ಹುಡುಗ ಇಬ್ಬರಿಗೂ ಜಾಗ ಸಿಕ್ಕಾಗಲೇ ಈ ತಂಡ ಓಡುವುದು.

2023–24ರಲ್ಲಿ ತಂಡ ಹತ್ತನೇ ಸ್ಥಾನಕ್ಕೆ ಕುಸಿಯಿತು. ಮರುವರ್ಷ ಕೋಚ್ ಜೆರಾರ್ಡ್ ಝಾರಗೋಜಾ ಗರಡಿಯಲ್ಲಿ ಮತ್ತೆ ಎದ್ದಿತು. ಪ್ಲೇಆಫ್‌ನಲ್ಲಿ ಮುಂಬೈ ಸಿಟಿಗೆ 5–0ಯ ಏಟು, ಸೆಮಿಫೈನಲ್‌ನಲ್ಲಿ ಗೋವಾ ಎದುರು ಕೊನೆಯ ಗಳಿಗೆಯಲ್ಲಿ ಚೆಟ್ರಿ ಹೆಡರ್. 2025ರ ಏಪ್ರಿಲ್ 12ರ ಕೋಲ್ಕತ್ತದ ಫೈನಲ್‌ನಲ್ಲಿ ಮೋಹನ್ ಬಾಗಾನ್ ಹೆಚ್ಚುವರಿ ಸಮಯದಲ್ಲಿ 2–1ರಿಂದ ಗೆದ್ದಿತು. ನಾಲ್ಕು ಐಎಸ್‌ಎಲ್ ಫೈನಲ್, ಒಂದು ಟ್ರೋಫಿ. ಅಭಿಮಾನಿಯ ಎದೆಯಲ್ಲಿ ಈ ಲೆಕ್ಕ ಮುಳ್ಳಿನಂತೆ ಕೂತಿದೆ.

ಈ ಋತುವಿನಲ್ಲಿ ನೋಡಬೇಕಾದವರು

ಮೊದಲ ಹೆಸರು ಚೆಟ್ರಿಯದೇ. 2025ರ ಆಗಸ್ಟ್ 3ಕ್ಕೆ ಅವರಿಗೆ 41 ತುಂಬಿತು. 2024–25ರಲ್ಲಿ 14 ಗೋಲು ಹೊಡೆದು ಭಾರತೀಯರಲ್ಲಿ ಮೊದಲಿಗರಾದರು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 95 ಗೋಲು. ವಿಶ್ವದಲ್ಲಿ ಅವರಿಗಿಂತ ಮುಂದಿರುವವರು ರೊನಾಲ್ಡೊ, ಮೆಸ್ಸಿ, ಇರಾನಿನ ಅಲಿ ದೇಯಿ ಮಾತ್ರ. ಅವರು ಎಷ್ಟು ನಿಮಿಷ ಆಡುತ್ತಾರೆ ಎನ್ನುವುದಕ್ಕಿಂತ ಯಾವ ನಿಮಿಷಗಳಲ್ಲಿ ಆಡುತ್ತಾರೆ ಎನ್ನುವುದನ್ನು ಗಮನಿಸಿ. ದಣಿದ ಡಿಫೆಂಡರ್‌ಗಳ ನಡುವಿನ ಒಂದು ಅಡಿ ಜಾಗವನ್ನು ಅವರಷ್ಟು ಬೇಗ ಕಾಣುವ ಕಣ್ಣು ದೇಶದಲ್ಲಿ ಇನ್ನೊಂದಿಲ್ಲ.

ರಯಾನ್ ವಿಲಿಯಮ್ಸ್ ಎರಡನೆಯವರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿದವರು. ತಾಯಿಯದು ಮುಂಬೈ ಮೂಲದ ಆಂಗ್ಲೋ ಇಂಡಿಯನ್ ಕುಟುಂಬ, ತಾತ 1950ರ ದಶಕದಲ್ಲಿ ಸಂತೋಷ್ ಟ್ರೋಫಿಯಲ್ಲಿ ಬಾಂಬೆಗೆ ಆಡಿದವರು. 2025ರಲ್ಲಿ ರಯಾನ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತೀಯರಾದರು. ತಂಡಕ್ಕೆ ಇದರಿಂದ ದೊಡ್ಡ ಲಾಭವಿದೆ. ಮೈದಾನದಲ್ಲಿ ಏಕಕಾಲಕ್ಕೆ ನಾಲ್ವರು ವಿದೇಶಿಯರಷ್ಟೇ ಇರಬಹುದು. ರಯಾನ್ ಇನ್ನು ಆ ಲೆಕ್ಕಕ್ಕೆ ಬರುವುದಿಲ್ಲ.

ಗೋಲಿನ ಮುಂದೆ ಗುರ್‌ಪ್ರೀತ್. 2023ರ ಜುಲೈನಲ್ಲಿ ಇದೇ ಕಂಠೀರವದಲ್ಲಿ ಕುವೈತ್ ಎದುರಿನ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಕೊನೆಯ ಪೆನಾಲ್ಟಿ ತಡೆದು ಭಾರತಕ್ಕೆ ಕಪ್ ಕೊಡಿಸಿದ ಕೈಗಳು ಅವರದು. ಎಡಬದಿಯಲ್ಲಿ ಮಣಿಪುರದ ರೋಶನ್ ಸಿಂಗ್ ನವೊರೆಮ್ ಎತ್ತಿ ಕಳಿಸುವ ಚೆಂಡುಗಳನ್ನು, ನಡುವೆ ಸುರೇಶ್ ಸಿಂಗ್ ವಾಂಗ್‌ಜಮ್ ದಣಿವರಿಯದೆ ಓಡುವುದನ್ನು ನೋಡಿ. ಗೋಲಿನ ಪಟ್ಟಿಯಲ್ಲಿ ಇಂಥವರ ಹೆಸರು ಕಡಿಮೆ. ಇವರ ಓಟವಿಲ್ಲದೆ ಆ ಪಟ್ಟಿಯೂ ಇಲ್ಲ.

ಕಡೆಯದಾಗಿ, ನನಗೆ ಎಲ್ಲರಿಗಿಂತ ಮುಖ್ಯ ಎನಿಸುವ ಹೆಸರು: ವಿನಿತ್ ವೆಂಕಟೇಶ್. ಬೆಂಗಳೂರಿನ ಹುಡುಗ, ಕ್ಲಬ್‌ನ ಕಿರಿಯರ ತಂಡಗಳಲ್ಲಿ ಬೆಳೆದವನು. 2024ರ ಸೆಪ್ಟೆಂಬರ್ 14ರಂದು ಋತುವಿನ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ವಿರುದ್ಧ ಏಕೈಕ ಗೋಲು ಹೊಡೆದಾಗ ಗ್ಯಾಲರಿ ಕುಣಿದದ್ದರಲ್ಲಿ ಬೇರೆಯದೇ ಹಿಗ್ಗಿತ್ತು. ಅವನು ಅವರ ಮನೆಯ ಹುಡುಗ.

ಗೆಲುವಿನ ಅಳತೆಗೋಲು

ಕೊಲ್ಹಾಪುರದ ತಾಲೀಮ್ ತಂಡಗಳಿಗೆ ನೆಲದ ನಂಟು ಹುಟ್ಟಿನಿಂದಲೇ ಬಂದಿದೆ, ದೇಶದ ಅಗ್ರ ಲೀಗ್ ಅವುಗಳ ಕೈಗೆ ಎಟುಕಿಲ್ಲ. ಬೆಂಗಳೂರು ಎಫ್‌ಸಿಗೆ ಲೀಗೂ ಇದೆ, ತಾರೆಗಳೂ ಇದ್ದಾರೆ. ನೆಲದ ನಂಟನ್ನು ಅದು ದುಡಿದು ಗಳಿಸಬೇಕು. ಅರ್ಧ ಗಳಿಸಿದೆ: ಪಶ್ಚಿಮ ಗ್ಯಾಲರಿಯ ದನಿ ಅದಕ್ಕೆ ಸಾಕ್ಷಿ. ಉಳಿದ ಅರ್ಧ ಹನ್ನೊಂದರ ಪಟ್ಟಿಯಲ್ಲಿ ಬರಬೇಕು. ಕ್ಲಬ್ ತನ್ನ ವಸತಿ ಅಕಾಡೆಮಿಯನ್ನು ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ಕಟ್ಟಿದ್ದು ಸರಿಯಾದ ಹೆಜ್ಜೆ. ಉತ್ತರ ಕರ್ನಾಟಕದ ಹುಡುಗರಿಗೆ ಬೆಂಗಳೂರಿಗಿಂತ ಅದು ಹತ್ತಿರ. ಅಲ್ಲಿಂದ ವಿಜಯಪುರ, ಬೆಳಗಾವಿ, ಗಡಿಯಾಚೆಯ ಜತ್ತ, ಅಕ್ಕಲಕೋಟೆಗಳ ತನಕ ಆಯ್ಕೆಗಾರರ ಕಣ್ಣು ಹರಿಯಬೇಕು. ಕಬಡ್ಡಿಯ ಅಂಕಣದಲ್ಲಿ ಗಕ್ಕನೆ ತಿರುಗಿ ಓಡುವ ಕಾಲುಗಳು, ಕುಸ್ತಿಯ ಕೆಮ್ಮಣ್ಣಿನಲ್ಲಿ ಗಟ್ಟಿಯಾದ ಸೊಂಟಗಳು ಇಲ್ಲಿ ಬೇಕಾದಷ್ಟಿವೆ. ಹತ್ತು–ಹನ್ನೆರಡನೇ ವಯಸ್ಸಿನಲ್ಲಿ ಅವಕ್ಕೆ ಚೆಂಡು ಸಿಗಬೇಕು, ಕಲಿಸುವವರು ಸಿಗಬೇಕು.

ಆದ್ದರಿಂದ ಈ 13 ಪಂದ್ಯಗಳಲ್ಲಿ ಅಂಕಪಟ್ಟಿಯ ಜತೆಗೆ ಇನ್ನೊಂದು ಲೆಕ್ಕವನ್ನೂ ಇಡೋಣ: ಕ್ಲಬ್‌ನಲ್ಲೇ ಬೆಳೆದ ಎಷ್ಟು ಹುಡುಗರು ಮೈದಾನಕ್ಕಿಳಿದರು, ಎಷ್ಟು ನಿಮಿಷ ಆಡಿದರು? ಟ್ರೋಫಿ ಬರಲಿ, ಖಂಡಿತ ಬರಲಿ. ಚೆಟ್ರಿಯ ಕೈಯಲ್ಲಿ ಇನ್ನೊಂದು ಕಪ್ ನೋಡುವ ಆಸೆ ಯಾರಿಗಿಲ್ಲ? ಆದರೆ ಚೆಟ್ರಿಯ ನಂತರವೂ ಈ ತಂಡ ನಮ್ಮದೆನಿಸಬೇಕಾದರೆ ಅವರ ಜಾಗಕ್ಕೆ ಬರುವವನು ಈ ನೆಲದಲ್ಲೇ ಕಾಲ್ಚೆಂಡು ಕಲಿತವನಾಗಿರಬೇಕು. ಅವನನ್ನು ಈ ಋತುವಿನಲ್ಲೇ ಆಡಿಸಲು ಶುರುಮಾಡಲಿ.