ಚೀಟಿ ಎತ್ತುವ ಕೈ ಯಾರದು?

ಗಣಪತಿ ಮಂಡಳಿಯ ಲಕ್ಕಿ ಡಿಪ್ ಇರಲಿ, ಓಣಿಯ ಹೆಂಗಸರ ತಿಂಗಳ ಚೀಟಿ ಇರಲಿ, ಡಬ್ಬಿ ಕುಲುಕಿ ಮುಗಿದ ಮೇಲೆ ಒಂದು ಮಗುವಿಗಾಗಿ ಹುಡುಕಾಟ ಶುರುವಾಗುತ್ತದೆ. ‘ಬಾ ಪುಟ್ಟಿ, ಒಂದ್ ಚೀಟಿ ಎತ್ತು’ ಎಂದು ಯಾರದೋ ಸೆರಗು ಹಿಡಿದು ನಿಂತ ಕೂಸನ್ನು ಮುಂದಕ್ಕೆ ಕರೆಯುತ್ತಾರೆ. ಇನ್ನೂ ಓದಲು ಬಾರದ, ಯಾರ ಕಡೆಯೂ ಅಲ್ಲದ ಕೈ ಬೇಕು. ಈ ಪದ್ಧತಿ ಇಂದು ನಿನ್ನೆಯದಲ್ಲ. ಕಾಂಚೀಪುರದ ಹತ್ತಿರದ ಉತ್ತರಮೇರೂರಿನಲ್ಲಿ ಒಂದನೇ ಪರಾಂತಕ ಚೋಳನ ಕಾಲದ, ಅಂದರೆ ಹತ್ತನೆಯ ಶತಮಾನದ ಶಾಸನವಿದೆ. ಗ್ರಾಮಸಭೆಯ ಸಮಿತಿಗಳಿಗೆ ಜನರನ್ನು ಆರಿಸುವಾಗ ಹೆಸರು ಬರೆದ ಓಲೆಗಳನ್ನು ಮಡಕೆಗೆ ಹಾಕಿ, ಒಳಗೇನಿದೆಯೆಂದು ತಿಳಿಯದ ಹುಡುಗನಿಂದ ಎತ್ತಿಸಬೇಕು ಎಂದು ಅದು ವಿಧಿಸುತ್ತದೆ. ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಹುಡುಗ ಕೊಟ್ಟ ಓಲೆಯನ್ನು ಇಸಿದುಕೊಳ್ಳುವ ಹಿರಿಯ ಐದೂ ಬೆರಳು ಬಿಡಿಸಿ ಅಂಗೈ ಚಾಚಿಯೇ ಪಡೆಯಬೇಕಂತೆ. ಬೆರಳ ಸಂದಿಯಲ್ಲಿ ಇನ್ನೊಂದು ಓಲೆ ಅಡಗಿಸಿಟ್ಟ ಮಹಾನುಭಾವರು ಆಗಲೂ ಇದ್ದಿರಬೇಕು!

ಈಗ ಡಬ್ಬಿಯ ಜಾಗಕ್ಕೆ ಮೊಬೈಲ್ ಬಂದಿದೆ. ಇನ್‌ಸ್ಟಾಗ್ರಾಂನಲ್ಲಿ ಸೀರೆಯನ್ನೋ ಪುಸ್ತಕವನ್ನೋ ಗಿವ್‌ಅವೇ ಕೊಡುವವರು ‘ರಾಂಡಮ್ ಡಾಟ್ ಆರ್ಗ್’ ತೆರೆದು, ಹೆಸರುಗಳ ಪಟ್ಟಿ ಹಾಕಿ, ಗುಂಡಿ ಒತ್ತುವುದನ್ನು ವಿಡಿಯೊ ಮಾಡಿ ತೋರಿಸುತ್ತಾರೆ. ಆ ಗುಂಡಿಯ ಹಿಂದೆ ಮಗುವಿನ ಕೆಲಸ ಮಾಡುತ್ತಿರುವುದು, ಸರಳವಾಗಿ ಹೇಳಬೇಕೆಂದರೆ, ಎಲ್ಲೋ ಹೊಡೆಯುತ್ತಿರುವ ಮಿಂಚು.

ಕಂಪ್ಯೂಟರಿಗೆ ತಾನಾಗಿ ಚೀಟಿ ಎತ್ತಲು ಬಾರದು. ಅದಕ್ಕೆ ಗೊತ್ತಿರುವುದು ಲೆಕ್ಕ. ಒಂದು ಸಂಖ್ಯೆಯಿಂದ ಶುರುಮಾಡಿ ಗುಣಿಸಿ, ಭಾಗಿಸಿ, ಕತ್ತರಿಸಿ ಮುಂದಿನದನ್ನು ಹುಟ್ಟಿಸುತ್ತದೆ. ನೋಡಲು ಚೆಲ್ಲಾಪಿಲ್ಲಿ ಕಂಡರೂ ಶುರುವಿನ ಸಂಖ್ಯೆ ಮತ್ತು ಸೂತ್ರ ಗೊತ್ತಿದ್ದವನಿಗೆ ಮುಂದಿನದೆಲ್ಲ ಅಂಗೈ ಮೇಲಿನ ನೆಲ್ಲಿಕಾಯಿ. ಆಟಕ್ಕೆ ಇಷ್ಟು ಸಾಕು. ದುಡ್ಡು ಅಥವಾ ಹಟ ನಡುವೆ ಬಂದಾಗ ಸಾಲದು.

ಯಾರೂ ಮೊದಲೇ ಊಹಿಸಲಾಗದ ಅಂಕೆಗಳ ಹಸಿವು ಮೊದಲು ಕಾಡಿದ್ದು ಸಂಖ್ಯಾಶಾಸ್ತ್ರಜ್ಞರನ್ನು. ಸೆಣಬಿನ ಬೆಳೆಯ ಅಂದಾಜಿಗೆ ಯಾವ ಹೊಲ ನೋಡಬೇಕೆಂಬುದನ್ನು ಸಮೀಕ್ಷೆಗೆ ಹೋದವನ ಇಷ್ಟಕ್ಕೆ ಬಿಟ್ಟರೆ ಅವನು ರಸ್ತೆ ಪಕ್ಕದ್ದನ್ನೇ ನೋಡಿ ಬರುತ್ತಾನೆ. ಕಲ್ಕತ್ತೆಯಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಮಾದರಿ ಸಮೀಕ್ಷೆಗಳು ಕಟ್ಟಿಕೊಂಡದ್ದೇ ಈ ಇಷ್ಟವನ್ನು ಕಿತ್ತುಹಾಕುವುದರ ಮೇಲೆ. 1927ರಲ್ಲಿ ಇಂಗ್ಲೆಂಡಿನ ಟಿಪೆಟ್ ಜನಗಣತಿ ವರದಿಗಳಿಂದ ಆಯ್ದ 41,600 ಅಂಕೆಗಳ ಕೋಷ್ಟಕ ಪ್ರಕಟಿಸಿದ. ಅಮೆರಿಕದ ರಾಂಡ್ ಕಾರ್ಪೊರೇಷನ್ 1955ರಲ್ಲಿ ಹತ್ತು ಲಕ್ಷ ಅಂಕೆಗಳ ಪುಸ್ತಕವನ್ನೇ ಅಚ್ಚು ಹಾಕಿತು. ಪುಟದ ಮೇಲೆ ಪುಟ, ಬರೀ ಅಂಕೆ. ಅವನ್ನು ಉಗುಳಿದ ಎಲೆಕ್ಟ್ರಾನಿಕ್ ಯಂತ್ರದಲ್ಲಿ ಸಣ್ಣದೊಂದು ವಾಲು ಕಂಡುಬಂದು, ಪ್ರತಿ ಕಾರ್ಡಿನ ಅಂಕೆಗೆ ಹಿಂದಿನ ಕಾರ್ಡಿನ ಅಂಕೆ ಕೂಡಿಸಿ ಸರಿಪಡಿಸಬೇಕಾಯಿತು. ಯಂತ್ರಕ್ಕೂ ಪಕ್ಷಪಾತ ಇರುತ್ತದೆಂದು ಅವರು ಬೇಗ ಕಲಿತರು.

ಅದನ್ನು ಕಲಿಯದವರು ತೆತ್ತ ಬೆಲೆ ದೊಡ್ಡದು. 1969ರ ಡಿಸೆಂಬರ್ 1ರಂದು, ವಿಯೆಟ್ನಾಂ ಯುದ್ಧಕ್ಕೆ ಯಾರನ್ನು ಮೊದಲು ಕರೆಯಬೇಕೆಂದು ಅಮೆರಿಕ ಚೀಟಿ ಎತ್ತಿತು. ವರ್ಷದ 366 ತಾರೀಖುಗಳನ್ನು ಸಣ್ಣ ಗುಳಿಗೆಗಳಲ್ಲಿ ಸುತ್ತಿಟ್ಟಿದ್ದರು. ಜನವರಿಯದನ್ನು ಪೆಟ್ಟಿಗೆಗೆ ಹಾಕಿ, ಆಮೇಲೆ ಫೆಬ್ರುವರಿಯದು, ಆಮೇಲೆ ಮಾರ್ಚಿನದು, ಹೀಗೆ ತಿಂಗಳ ಸಾಲಿನಲ್ಲೇ ತುಂಬಿದರು. ಕೊನೆಗೆ ಒಂದಷ್ಟು ಸಲ ಅಲ್ಲಾಡಿಸಿ ಗಾಜಿನ ಪಾತ್ರೆಗೆ ಸುರಿದರು. ಟಿ.ವಿ. ಕ್ಯಾಮೆರಾಗಳ ಮುಂದೆ ಮೊದಲು ಬಂದದ್ದು ಸೆಪ್ಟೆಂಬರ್ 14. ಎಲ್ಲ ಮುಗಿದ ಮೇಲೆ ಲೆಕ್ಕ ಬಲ್ಲವರು ಕೂತು ನೋಡಿದರೆ, ಜನವರಿಯಲ್ಲಿ ಹುಟ್ಟಿದವರ ಸರಾಸರಿ ಸ್ಥಾನ 201, ಡಿಸೆಂಬರಿನವರದು 121. ಸರದಿ ಬೇಗ ಬಂದಷ್ಟೂ ಬಂದೂಕು ಬೇಗ. ಕೊನೆಯಲ್ಲಿ ಹಾಕಿದ ಗುಳಿಗೆಗಳು ಚೆನ್ನಾಗಿ ಬೆರೆಯದೆ ಮೇಲ್ಗಡೆಯೇ ಉಳಿದಿದ್ದವು. ಯಾರೂ ಮೋಸ ಮಾಡಿರಲಿಲ್ಲ, ಕುಲುಕಿದ್ದು ಸಾಲದಾಗಿತ್ತು ಅಷ್ಟೇ. ಮರುವರ್ಷ ಕ್ರಮವನ್ನೇ ಬದಲಿಸಿದರು.

ಬ್ರಿಟಿಷರು ಅದಕ್ಕೂ ಮೊದಲೇ ಜಾಣತನ ತೋರಿದ್ದರು. 1956ರಲ್ಲಿ ಸರ್ಕಾರ ಪ್ರೀಮಿಯಂ ಬಾಂಡ್ ಮಾರತೊಡಗಿತು. ಬಡ್ಡಿಯ ಬದಲು ಬಹುಮಾನದ ಡ್ರಾ. ಲಕ್ಷಾಂತರ ಬಾಂಡುಗಳಿಗೆ ಡಬ್ಬಿ ಎಲ್ಲಿಂದ ತರುವುದು? ಯುದ್ಧಕಾಲದಲ್ಲಿ ಜರ್ಮನ್ ಗೂಢಲಿಪಿ ಭೇದಿಸಲು ಕೊಲಾಸಸ್ ಯಂತ್ರ ಕಟ್ಟಿದ ಟಾಮಿ ಫ್ಲವರ್ಸ್ ಮತ್ತು ಸಂಗಡಿಗರು ‘ಅರ್ನಿ’ ಎಂಬ ಯಂತ್ರ ಮಾಡಿಕೊಟ್ಟರು. ನಿಯಾನ್ ಅನಿಲದ ಕೊಳವೆಗಳಲ್ಲಿ ವಿದ್ಯುತ್ ಹರಿಯುವಾಗ ಏಳುವ ಗದ್ದಲವೇ ಅದರ ಮೂಲಧನ. 1957ರ ಜೂನ್ 1ರಂದು ಮೊದಲ ಡ್ರಾ ನಡೆಯಿತು. ಅರ್ನಿಯ ಐದನೆಯ ಪೀಳಿಗೆ ಈಗಲೂ ತಿಂಗಳು ತಿಂಗಳು ದುಡಿಯುತ್ತಿದೆ.

ಸಾಮಾನ್ಯರ ಕೈಗೆ ಈ ಸೌಕರ್ಯ ಬಂದದ್ದು ಇಂಟರ್ನೆಟ್ಟಿನಿಂದ. 1996ರಲ್ಲಿ, ಆಟೊಡೆಸ್ಕ್ ಕಂಪನಿ ಕಟ್ಟಿದ ಜಾನ್ ವಾಕರ್ ಸ್ವಿಟ್ಜರ್ಲೆಂಡಿನಿಂದ ‘ಹಾಟ್‌ಬಿಟ್ಸ್’ ಶುರುಮಾಡಿದ. ವಿಕಿರಣ ಸೂಸುವ ವಸ್ತುವಿನ ಎದುರು ಗೈಗರ್ ಕೌಂಟರ್ ಇಟ್ಟು, ಎರಡು ಟಿಕ್ಕುಗಳ ನಡುವಿನ ಸಮಯವನ್ನು ಮುಂದಿನೆರಡರ ನಡುವಿನ ಸಮಯದೊಂದಿಗೆ ಹೋಲಿಸಿ ಸೊನ್ನೆ ಅಥವಾ ಒಂದು ಬರೆಯುವ ಏರ್ಪಾಡು. ಡಬ್ಲಿನ್ನಿನ ಕಥೆ ಇದಕ್ಕಿಂತ ಅಗ್ಗದ್ದು, ರುಚಿಯೂ ಹೆಚ್ಚು. 1997ರಲ್ಲಿ ಮ್ಯಾಡ್ಸ್ ಹಾರ್ ಮತ್ತು ಕೆಲವು ಗೆಳೆಯರಿಗೆ ಆನ್‌ಲೈನ್ ಜೂಜಿನ ಸಾಫ್ಟ್‌ವೇರ್ ಮಾಡುವ ಯೋಚನೆ ಬಂತು. ಇಸ್ಪೀಟು ಕಲಸಲು ನಂಬುವಂಥ ಅಂಕೆ ಬೇಕಲ್ಲ? ಹತ್ತು ಡಾಲರಿನ ರೇಡಿಯೊ ಒಂದನ್ನು ತಂದರು. ಗದ್ದಲ ಸೋಸುವ ಫಿಲ್ಟರ್ ಇಲ್ಲದ ರೇಡಿಯೊವೇ ಅವರಿಗೆ ಬೇಕಿತ್ತು. ಸ್ಟೇಷನ್ ಸಿಗದ ಕಡೆ ಮುಳ್ಳು ನಿಲ್ಲಿಸಿದರೆ ಕೇಳುವ ಗೊರಗೊರ ಅವರ ಕಚ್ಚಾ ಮಾಲು. ಆ ಸದ್ದಿನ ದೊಡ್ಡ ಪಾಲು ಭೂಮಿಯ ಯಾವಯಾವುದೋ ಮೂಲೆಯಲ್ಲಿ ಹೊಡೆಯುವ ಮಿಂಚಿನದು. ಜೂಜಿನ ಕಂಪನಿ ಮೇಲೇಳಲಿಲ್ಲ. ರೇಡಿಯೊ ಉಳಿಯಿತು. 1998ರಲ್ಲಿ ಹಾರ್ ಅದನ್ನೇ ರಾಂಡಮ್ ಡಾಟ್ ಆರ್ಗ್ ಹೆಸರಿನಲ್ಲಿ ಊರಿಗೆಲ್ಲ ತೆರೆದಿಟ್ಟರು. ಅವರು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಕಂಪ್ಯೂಟರ್ ಮೇಷ್ಟ್ರು.

ಗೊರಗೊರ ಅಂಕೆಯಾಗುವ ಬಗೆಯನ್ನು ತುಸು ಹತ್ತಿರದಿಂದ ನೋಡಬೇಕು. ಆರಂಭದ ವಿನ್ಯಾಸದಲ್ಲಿ ಸದ್ದನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಪ್ರತಿ ಅಳತೆಯ ಎಂಟು ಬಿಟ್‌ಗಳಲ್ಲಿ ಏಳನ್ನು ಎಸೆದು, ತೀರಾ ಕೊನೆಯ, ಅತಿ ಚಂಚಲವಾದ ಒಂದನ್ನಷ್ಟೇ ಇಟ್ಟುಕೊಳ್ಳುತ್ತಿದ್ದರು. ಇಷ್ಟಾದರೂ ಸೊನ್ನೆಗಳು ಒಂದುಗಳಿಗಿಂತ ಚೂರು ಹೆಚ್ಚಿರಬಹುದು. ಇಲ್ಲಿ ನೆರವಿಗೆ ಬಂದದ್ದು ಗಣಿತಜ್ಞ ವಾನ್ ನ್ಯೂಮನ್ ಹಿಂದೆಯೇ ಹೇಳಿಕೊಟ್ಟಿದ್ದ ಉಪಾಯ. ನಿಮ್ಮಲ್ಲಿರುವುದು ಸೊಟ್ಟ ನಾಣ್ಯ, ತಲೆಯೇ ಹೆಚ್ಚು ಬೀಳುತ್ತದೆ ಎನ್ನಿ. ಎರಡೆರಡು ಸಲ ಚಿಮ್ಮಿ. ಎರಡೂ ಸಲ ಒಂದೇ ಬಿದ್ದರೆ ಲೆಕ್ಕಕ್ಕಿಲ್ಲ, ಮತ್ತೆ ಚಿಮ್ಮಿ. ತಲೆ ಬಿದ್ದ ಮೇಲೆ ಬಾಲ ಬಂದರೆ ಸೊನ್ನೆ, ಬಾಲ ಬಿದ್ದ ಮೇಲೆ ತಲೆ ಬಂದರೆ ಒಂದು. ನಾಣ್ಯ ಎಷ್ಟೇ ಸೊಟ್ಟಗಿದ್ದರೂ ಈ ಎರಡು ಜೋಡಿಗಳು ಬೀಳುವ ಸಾಧ್ಯತೆ ಸಮಸಮ. ಮಕ್ಕಳಿಗೆ ಕಲಿಸಬೇಕಾದ ಗಣಿತ ಇದು.

ದಿನನಿತ್ಯದ ನಿರ್ಧಾರಗಳಿಗೂ ಜನ ಈ ಗುಂಡಿ ಒತ್ತುತ್ತಾರೆ. ಯಾವ ಹೋಟೆಲು, ಯಾವ ಸಿನಿಮಾ, ಇವತ್ತು ಪಾತ್ರೆ ತೊಳೆಯುವ ಸರದಿ ಯಾರದು. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸ ಬಿಡಲೋ ಬೇಡವೋ, ಸಂಬಂಧ ಮುರಿಯಲೋ ಬೇಡವೋ ಎಂದು ಒದ್ದಾಡುವವರಿಗೆ ಆನ್‌ಲೈನ್ ನಾಣ್ಯ ಚಿಮ್ಮಿಕೊಟ್ಟರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿತು. ‘ಬದಲಾಯಿಸು’ ಎಂದು ಬಿದ್ದವರು ನಿಜಕ್ಕೂ ಬದಲಾಯಿಸಿದ್ದು ಹೆಚ್ಚು. ದೊಡ್ಡ ವಿಷಯಗಳಲ್ಲಿ, ಆರು ತಿಂಗಳ ನಂತರ ಕೇಳಿದಾಗ ಅವರೇ ಹೆಚ್ಚು ಖುಷಿಯಾಗಿದ್ದರು. ದೇವರ ಮುಂದೆ ಕೂತು ಹೂಪ್ರಸಾದ ಕೇಳುವ ನಮ್ಮವರಿಗೆ ಇದರಲ್ಲಿ ಹೊಸದೇನೂ ಕಾಣದು. ಎಡಕ್ಕೆ ಬಿದ್ದಾಗ ‘ಇನ್ನೊಂದು ಸಲ ಕೇಳೋಣ’ ಎನ್ನುವವರೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಗಿವ್‌ಅವೇಯ ಕಳ್ಳಬಾಗಿಲು ಇರುವುದೂ ಆ ‘ಇನ್ನೊಂದು ಸಲ’ದಲ್ಲೇ. ಮಿಂಚು ಎಷ್ಟೇ ನಿಷ್ಪಕ್ಷಪಾತಿ ಆಗಿರಲಿ, ನಾದಿನಿಯ ಹೆಸರು ಬರುವ ತನಕ ಗುಂಡಿ ಒತ್ತಿ, ಕೊನೆಯದನ್ನಷ್ಟೇ ರೆಕಾರ್ಡ್ ಮಾಡಿದರೆ ಯಾರಿಗೆ ತಿಳಿಯುತ್ತದೆ? ಅಂಕೆ ಎಷ್ಟೇ ಶುದ್ಧವಾಗಿದ್ದರೂ ಒತ್ತುವ ಬೆರಳಿನ ಬಗ್ಗೆ ಅದು ಏನೂ ಹೇಳಲಾರದು.

ಬೆರಳು ಏನು ಮಾಡಬಲ್ಲದೆಂದು ಎಡ್ಡಿ ಟಿಪ್ಟನ್ ತೋರಿಸಿದ. ಅಮೆರಿಕದ ಹಲವು ರಾಜ್ಯಗಳ ಲಾಟರಿ ಒಕ್ಕೂಟದಲ್ಲಿ ಅವನು ಮಾಹಿತಿ ಭದ್ರತೆಯ ಮುಖ್ಯಸ್ಥ. ಡ್ರಾ ಯಂತ್ರದಲ್ಲಿ ಗೈಗರ್ ಕೌಂಟರ್ ಕೂತಿತ್ತು, ಅದು ಅಸಲಿಯೇ. ಇವನು ಸಾಫ್ಟ್‌ವೇರಿನಲ್ಲಿ ಕೆಲವು ಸಾಲು ತುರುಕಿ, ವರ್ಷದ ಮೂರು ನಿಗದಿತ ದಿನಗಳಂದು, ಅದೂ ಬುಧವಾರ ಅಥವಾ ಶನಿವಾರ ಬಿದ್ದರೆ, ರಾತ್ರಿ ಎಂಟರ ನಂತರ ತಾನು ಮೊದಲೇ ಊಹಿಸಬಲ್ಲ ಅಂಕೆಗಳನ್ನು ಯಂತ್ರ ಕೊಡುವಂತೆ ಮಾಡಿಟ್ಟ. 2010ರ ಡಿಸೆಂಬರ್ 29, ಬುಧವಾರ, 1 ಕೋಟಿ 65 ಲಕ್ಷ ಡಾಲರಿನ ಹಾಟ್ ಲಾಟೊ ಬಹುಮಾನ. ಟಿಕೆಟನ್ನು ಡಿ ಮೊಯಿನ್ ನಗರದ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಅವನೇ ಕೊಂಡಿದ್ದ. ಮುಖಕ್ಕೆ ಟೋಪಿ ಮರೆಮಾಡಿಕೊಂಡಿದ್ದನಾದರೂ, ಆ ಸಿಸಿಟಿವಿ ತುಣುಕು ಹೊರಬಿದ್ದಾಗ ಜೊತೆ ಕೆಲಸಗಾರರು ದನಿ ಗುರುತು ಹಿಡಿದರು. ಹಣ ಕೈ ಸೇರಲಿಲ್ಲ. 2017ರಲ್ಲಿ 25 ವರ್ಷದವರೆಗಿನ ಜೈಲುಶಿಕ್ಷೆಯಾಯಿತು.

ಮೋಸವಿಲ್ಲದೆಯೂ ಎಡವಟ್ಟಾಗುತ್ತದೆ. 2011ರಲ್ಲಿ ಅಮೆರಿಕದ ಡೈವರ್ಸಿಟಿ ವೀಸಾ ಲಾಟರಿಯಲ್ಲಿ ಆಯ್ಕೆಯಾದ ಸುಮಾರು 22,000 ಮಂದಿಯಲ್ಲಿ ನೂರಕ್ಕೆ 90ರಷ್ಟು ಜನ ಅರ್ಜಿ ಶುರುವಾದ ಮೊದಲೆರಡು ದಿನ ಅರ್ಜಿ ಹಾಕಿದವರೇ. ಪ್ರೋಗ್ರಾಮಿನ ದೋಷವೆಂದು ಎಲ್ಲ ಆಯ್ಕೆಯನ್ನೂ ರದ್ದು ಮಾಡಿ ಮತ್ತೆ ಡ್ರಾ ಎತ್ತಿದರು. ಮಾರ್ಚ್ ಬಂತೆಂದರೆ ಎಚ್-1ಬಿ ಲಾಟರಿಗಾಗಿ ಉಗುರು ಕಚ್ಚುವ ಬೆಂಗಳೂರಿನ ಎಂಜಿನಿಯರುಗಳಿಗೆ ಆ 22,000 ಜನರ ಸಂಕಟ ಅರ್ಥವಾದೀತು.

ಪುಟ್ಟ ಗಿವ್‌ಅವೇಗೂ ಒಪ್ಪುವ ದಾರಿಯೊಂದಿದೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2013ರಿಂದ ನಿಮಿಷಕ್ಕೊಂದು ಭಾರಿ ಯಾದೃಚ್ಛಿಕ ಸಂಖ್ಯೆಯನ್ನು ಪ್ರಕಟಿಸುತ್ತ ಬಂದಿದೆ. ಸ್ಪರ್ಧೆಗೆ 240 ಹೆಸರು ಬಂದಿವೆ ಎನ್ನಿ. ಕ್ರಮಸಂಖ್ಯೆ ಹಾಕಿದ ಪಟ್ಟಿಯನ್ನು ಶುಕ್ರವಾರವೇ ಹೊರಗೆ ಹಾಕಿ, ‘ಭಾನುವಾರ ಸಂಜೆ ಆರು ಗಂಟೆಯ ಸಂಖ್ಯೆಯನ್ನು 240ರಿಂದ ಭಾಗಿಸಿ, ಉಳಿದ ಶೇಷಕ್ಕೆ ಒಂದು ಕೂಡಿಸಿದರೆ ಗೆದ್ದವರು’ ಎಂದು ಬರೆದರಾಯಿತು. ಇನ್ನೊಂದು ಸಲ ಒತ್ತಲು ಗುಂಡಿಯೇ ಇಲ್ಲ. ಸೋತವರೂ ಮನೆಯಲ್ಲೇ ಲೆಕ್ಕ ಮಾಡಿ ನೋಡಬಹುದು. ಈ ಸಂಖ್ಯೆಯನ್ನು ಗುಟ್ಟಿನ ಕೀಲಿಯಾಗಿ ಬಳಸಬೇಡಿ ಎಂದು ನಿಸ್ಟ್ ಎಚ್ಚರಿಸುತ್ತದೆ, ಏಕೆಂದರೆ ಅದು ಎಲ್ಲರಿಗೂ ಕಾಣುತ್ತದೆ. ಡ್ರಾ ಎತ್ತುವವರಿಗೆ ಬೇಕಾದದ್ದು ಅದೇ.

ಹಾಗಾದರೆ ನಿಸ್ಟ್ ಅನ್ನೇ ಯಾಕೆ ನಂಬಬೇಕು ಎಂದು ಕೇಳುವವರು ಇದ್ದೇ ಇರುತ್ತಾರಲ್ಲ, ಅವರಿಗಾಗಿ 2019ರಲ್ಲಿ ‘ಲೀಗ್ ಆಫ್ ಎಂಟ್ರೊಪಿ’ ಎಂಬ ಕೂಟ ಹುಟ್ಟಿತು. ಬೇರೆ ಬೇರೆ ದೇಶಗಳ ಸಂಸ್ಥೆಗಳು ಸೇರಿ ಒಂದೇ ಸಂಖ್ಯೆ ಹುಟ್ಟಿಸುತ್ತವೆ. ಯಾವ ಒಬ್ಬರಿಗೂ ಅದು ಮೊದಲೇ ತಿಳಿಯದು, ಯಾರೊಬ್ಬರೂ ತಿರುಚಲಾರರು. ಈ ಸಂಖ್ಯೆಯ ಮೂಲಧನವಾಗಿ ಕ್ಲೌಡ್‌ಫ್ಲೇರ್ ಕಂಪನಿ ತಂದದ್ದು ಸ್ಯಾನ್ ಫ್ರಾನ್ಸಿಸ್ಕೊ ಕಚೇರಿಯ ಗೋಡೆಯ ತುಂಬ ಜೋಡಿಸಿರುವ ಲಾವಾ ದೀಪಗಳನ್ನು. ಒಳಗೆ ಮೇಣ ಏಳುತ್ತ ಬೀಳುತ್ತ ಇರುತ್ತದೆ, ಕ್ಯಾಮೆರಾ ಚಿತ್ರ ತೆಗೆಯುತ್ತಿರುತ್ತದೆ. ಆಗಾಗ ನೆಲ ನಡುಗುವ ಚಿಲಿಯ ವಿಶ್ವವಿದ್ಯಾಲಯ ತನ್ನ ಪಾಲಿಗೆ ಭೂಕಂಪಮಾಪಕದ ಅಂಕಿಗಳನ್ನು ಕೊಟ್ಟಿತು, ಜೊತೆಗೆ ಊರಿನ ರೇಡಿಯೊ ಪ್ರಸಾರವನ್ನೂ.