ಕೊಟ್ಟಿಗೆಗೆ ಬೂಟು ಕೊಳ್ಳುವಾಗ ನಿಮ್ಮ ಕಾಲಿನ ಅಳತೆ ನೋಡಿ

ಮಳೆಗಾಲದ ಬೆಳಗಿನ ಜಾವ ಕೊಟ್ಟಿಗೆಗೆ ಇಳಿಯುವವರು ಯಾರು ಹೇಳಿ? ಸಗಣಿ ಬಾಚುವುದು, ಗಂಜಲ ತೊಳೆಯುವುದು, ಹಸಿಹುಲ್ಲು ತರಲು ಕೆಸರಿನ ಬದುವಿನ ಮೇಲೆ ನಡೆಯುವುದು, ಹೆಚ್ಚಿನ ಮನೆಗಳಲ್ಲಿ ಎಲ್ಲಾ ನಾವೇ. ಆದರೆ ಮನೆಯಲ್ಲಿ ಒಂದು ಜೊತೆ ಗಮ್ ಬೂಟು ಇದ್ದರೆ ಅದು ಯಜಮಾನರದು, ಎಂಟನೇ ನಂಬರೋ ಒಂಬತ್ತನೇ ನಂಬರೋ. ನಮ್ಮ ಪಾಲಿಗೆ ಹಿಮ್ಮಡಿ ಸವೆದ ಹವಾಯಿ ಚಪ್ಪಲಿ, ಇಲ್ಲವಾದರೆ ಬರಿಗಾಲು.

ಯಲಹಂಕ ಅಂದರೆ ಈಗ ಬರೀ ಅಪಾರ್ಟ್‌ಮೆಂಟು ಎಂದುಕೊಂಡವರೇ ಹೆಚ್ಚು. ರಾಜಾನುಕುಂಟೆ, ಹೆಸರಘಟ್ಟ, ಬಾಗಲೂರು ಕಡೆ ಬಂದು ನೋಡಿ, ಬೆಳಿಗ್ಗೆ ಸಂಜೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುವ ಹೆಂಗಸರು ಇನ್ನೂ ಇದ್ದಾರೆ. ನಮ್ಮ ಮನೆಯಲ್ಲೂ ಮೂರು ಕರೆಯುವ ಹಸು ಇವೆ. ಆದ್ದರಿಂದ ಈ ಮಾತು ನಾನು ಪುಸ್ತಕ ಓದಿ ಹೇಳುತ್ತಿರುವುದಲ್ಲ.

ಬೂಟು ಯಾಕೆ ಬೇಕು ಅಂತೀರಾ? ಹಿಮ್ಮಡಿ ಒಡಕನ್ನು ನಾವು ಚಂದಕ್ಕೆ ಸಂಬಂಧಿಸಿದ ವಿಷಯ ಅಂದುಕೊಂಡಿದ್ದೇವೆ. ಅದು ಹಾಗಲ್ಲ. ಇಲಿಜ್ವರದ ರೋಗಾಣು ಇಲಿಯ ಮೂತ್ರದಲ್ಲಿ ಇರುತ್ತದೆ, ಸೋಂಕು ತಗುಲಿದ ದನಗಳ ಗಂಜಲದಲ್ಲೂ ಇರುತ್ತದೆ. ನಿಂತ ನೀರು, ಕೆಸರಿನ ಮೂಲಕ ಅದು ಒಡೆದ ಹಿಮ್ಮಡಿಯಿಂದ, ಬೆರಳ ಸಂದಿಯ ಹುಣ್ಣಿನಿಂದ ಮೈ ಸೇರುತ್ತದೆ. ಇನ್ನು ಹಾವು. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತರೆಂದು ಅಂದಾಜು ಮಾಡಿದ್ದಾರೆ, ಬಹುಪಾಲು ಹಳ್ಳಿಯವರೇ. ಹೆಚ್ಚಿನ ಕಡಿತ ಕಾಲಿಗೇ ಆಗುವುದು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ, ಹಾವು ಕಡಿದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶ ಮಾಡಿತು. ಬೂಟು ಹಾಕಿದ ಮಾತ್ರಕ್ಕೆ ಹಾವಿನ ಭಯ ಪೂರ್ತಿ ಹೋಯಿತು ಎಂದು ನಾನು ಹೇಳುವುದಿಲ್ಲ. ಆದರೆ ಹುಲ್ಲಿನಲ್ಲಿ ಮಲಗಿದ ಕೊಳಕುಮಂಡಲದ ಹಲ್ಲಿಗೂ ನಮ್ಮ ಚರ್ಮಕ್ಕೂ ನಡುವೆ ಅಷ್ಟು ದಪ್ಪದ್ದೊಂದು ಅಡ್ಡ ಇದ್ದರೆ ಒಳ್ಳೆಯದಲ್ಲವೇ?

ನಮ್ಮ ಹೆಂಗಸರನ್ನು ತಡೆಯುವುದು ಬರೀ ದುಡ್ಡಲ್ಲ, ಅದು ನನಗೆ ಗೊತ್ತು. ಗೋವಿನ ಹತ್ತಿರ ಮೆಟ್ಟು ಮೆಟ್ಟಿ ಹೋಗಬಾರದು ಅನ್ನುವ ಭಾವನೆ ಇದೆ. ನಮ್ಮ ಅತ್ತೆಯವರೂ, "ಲಕ್ಷ್ಮಿ ಇರೋ ಜಾಗಕ್ಕೆ ಚರ್ಮದ್ದು ಹಾಕ್ಕೊಂಡು ಹೋಗ್ತೀಯೇನಮ್ಮ?" ಎಂದು ಕೇಳಿದರು. ಅದು ಚರ್ಮದ್ದಲ್ಲ ಅತ್ತೆ, ಬಕೆಟ್ಟು ಮಾಡುತ್ತಾರಲ್ಲ ಆ ಥರದ್ದೇ ಎಂದು ಕೈಗೆ ಕೊಟ್ಟು ತೋರಿಸಿದೆ. ಬೀದಿಗೆ ಇದನ್ನು ಮೆಟ್ಟುವುದಿಲ್ಲ, ಕೊಟ್ಟಿಗೆಯ ಬಾಗಿಲಲ್ಲೇ ಇರುತ್ತದೆ, ಹೊರಗಿನ ಕೊಳೆ ಒಳಗೆ ಬರುವುದಿಲ್ಲ ಎಂದ ಮೇಲೆ ಅವರು ಸುಮ್ಮನಾದರು. ಸಂಕ್ರಾಂತಿಯ ದಿನ ಹಸುಗಳಿಗೆ ಪೂಜೆ ಮಾಡುವಾಗ ನಾನು ಬರಿಗಾಲಲ್ಲೇ ಹೋಗುತ್ತೇನೆ, ಅದು ಬೇರೆ ಮಾತು. ದನದ ಡಾಕ್ಟರು ಹೇಳುವುದೂ ಇದನ್ನೇ ನೋಡಿ: ಕೊಟ್ಟಿಗೆಗೆ ಬೇರೆಯೇ ಪಾದರಕ್ಷೆ ಇರಲಿ, ಬೇರೆಯವರ ಕೊಟ್ಟಿಗೆಗೆ ಹೋದ ಕಾಲಲ್ಲಿ ನಿಮ್ಮ ಕೊಟ್ಟಿಗೆಗೆ ಬರಬೇಡಿ. ಕಾಲುಬಾಯಿ ಜ್ವರ ಬೂಟಿನ ಅಡಿಯ ಮಣ್ಣಿನಲ್ಲೂ ಬರುತ್ತದೆ. ಊರಿಗೆ ಆ ಜ್ವರ ಬಂದಾಗ ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡ ಕರಗಿಸಿ ಬಾಗಿಲಲ್ಲಿ ಬೋಗುಣಿಯಲ್ಲಿ ಇಡಿ. ಬೂಟಿಗೆ ಮೆತ್ತಿದ ಸಗಣಿಯನ್ನು ಮೊದಲು ಉಜ್ಜಿ ತೊಳೆದು, ಆಮೇಲೆ ಅದರಲ್ಲಿ ಅದ್ದಬೇಕು. ವಾಷಿಂಗ್ ಸೋಡ ಅಂದೆ, ಬೋಂಡಕ್ಕೆ ಹಾಕುವ ಅಡುಗೆ ಸೋಡ ಅಲ್ಲ!

ಪಕ್ಕದ ಮನೆಯವರು "ಏನಕ್ಕ, ಮಿಲಿಟರಿಗೆ ಹೊರಟ್ರಾ?" ಎಂದು ನಗುತ್ತಾರೆ. ನಗಲಿ ಬಿಡಿ. ಮಿಲಿಟರಿ ಅಂದಾಗ ನೆನಪಾಯಿತು, ಈ ಬೂಟಿಗೆ ಇಂಗ್ಲೆಂಡಿನಲ್ಲಿ ವೆಲ್ಲಿಂಗ್ಟನ್ ಎಂದೇ ಹೆಸರು. 1799ರಲ್ಲಿ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು. ಅವನು ಹಾಕುತ್ತಿದ್ದದ್ದು ಚರ್ಮದ್ದು. 1853ರಲ್ಲಿ ಹೈರಮ್ ಹಚಿನ್ಸನ್ ಎಂಬ ಅಮೆರಿಕದವನು ಫ್ರಾನ್ಸಿನಲ್ಲಿ ರಬ್ಬರ್ ಬೂಟಿನ ಕಾರ್ಖಾನೆ ತೆರೆದ. ಅಲ್ಲಿಂದ ಮುಂದೆ ಅದು ರೈತರ ಕಾಲಿಗೆ ಬಂತು.

ಈಗ ಕೊಳ್ಳುವ ಮಾತಿಗೆ ಬರೋಣ. ಎಲ್ಲಕ್ಕಿಂತ ಮುಖ್ಯ ಅಳತೆ. ನಮ್ಮಲ್ಲಿ ಬಹಳ ಹೆಂಗಸರ ಕಾಲು ನಾಲ್ಕು, ಐದು, ಆರನೇ ನಂಬರು. ಅಂಗಡಿಯಲ್ಲಿ ಇಟ್ಟಿರುವುದು ಏಳರಿಂದ ಮೇಲೆ. ಒಂದು ಅಂಗಡಿಯಲ್ಲಿ ನನಗೆ, "ಹೆಂಗಸರಿಗೆ ಬರಲ್ಲಮ್ಮ, ಏಳು ತಗೊಂಡು ಮುಂದೆ ಬಟ್ಟೆ ತುರುಕಿಕೊಳ್ಳಿ" ಎಂದರು. ನಾನು ಕೊಳ್ಳದೆ ಬಂದೆ. ನೀವೂ ಈ ಮಾತಿಗೆ ಒಪ್ಪಬೇಡಿ. ನೆಂದ ಸಿಮೆಂಟು ನೆಲ, ಕೈಯಲ್ಲಿ ತುಂಬಿದ ಹಾಲಿನ ಕ್ಯಾನು, ಕಾಲಲ್ಲಿ ಲೊಳಕ್ ಲೊಳಕ್ ಅನ್ನುವ ಬೂಟು! ಬರಿಗಾಲೇ ವಾಸಿ ಅನ್ನಿಸುತ್ತದೆ. ನಲವತ್ತು ದಾಟಿದ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಹಸು ಯಾರು ಕರೆಯಬೇಕು, ನಮ್ಮನ್ನು ಯಾರು ನೋಡಬೇಕು? ಅಂಗಡಿಯವರನ್ನು ಐದನೇ ನಂಬರು ತರಿಸಿಕೊಡಿ ಎಂದು ಕೇಳಿ. ಒಂದು ವಾರ ತಡವಾದರೂ ಚಿಂತೆಯಿಲ್ಲ.

ಸಾಯಂಕಾಲ ಕಾಲು ಸ್ವಲ್ಪ ಊದಿರುತ್ತದೆ, ಆಗಲೇ ಅಳತೆ ತೆಗೆಯಿರಿ. ನ್ಯೂಸ್ ಪೇಪರಿನ ಮೇಲೆ ಭಾರ ಬಿಟ್ಟು ನಿಂತು, ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು ಕತ್ತರಿಸಿ. ಎರಡೂ ಕಾಲಿನದು ಮಾಡಿ, ದೊಡ್ಡದನ್ನು ಇಟ್ಟುಕೊಳ್ಳಿ. ಯಜಮಾನರೇ ಪೇಟೆಗೆ ಹೋಗುವುದಾದರೆ ಈ ಕಾಗದವನ್ನು ಜೇಬಿನಲ್ಲಿ ಇಟ್ಟು ಕಳಿಸಿ. ಬೂಟಿನೊಳಗೆ ಕಾಗದ ಮಡಚದೆ ಕೂತರೆ ಸರಿ. ನೀವೇ ಹೋಗುವುದಾದರೆ ಇನ್ನೂ ಒಳ್ಳೆಯದು. ದಪ್ಪ ಕಾಲುಚೀಲ ಹಾಕಿಕೊಂಡೇ ಹೋಗಿ, ಕಾಲನ್ನು ಮುಂದಕ್ಕೆ ಒತ್ತಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯಬೇಕು. ಮೀನಖಂಡದ ಹತ್ತಿರ ಎರಡು ಬೆರಳಷ್ಟು ಜಾಗವಿರಲಿ. ಬಿಗಿಯಾದರೆ ಒದ್ದೆ ಕಾಲಲ್ಲಿ ಕಳಚಲು ಇನ್ನೊಬ್ಬರು ಬೇಕಾಗುತ್ತದೆ. ಸೀರೆ ಉಡುವವರು ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಅಂಚನ್ನು ಬೂಟಿನೊಳಗೆ ತುರುಕಬೇಡಿ. ಸೆರಗು, ಅಂಚು ಒದ್ದೆಯಾದರೆ ನೀರು ಅದರ ಮೂಲಕವೇ ಒಳಗಿಳಿಯುತ್ತದೆ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆ. ಪಿ.ವಿ.ಸಿ. ಬೂಟು ಅಗ್ಗ, ಅಚ್ಚಿನಲ್ಲಿ ಒಂದೇ ತುಂಡಾಗಿ ಬರುವುದರಿಂದ ಹೊಲಿಗೆ ಬಿಚ್ಚುವ ಭಯವಿಲ್ಲ. ಆದರೆ ಹಳೆಯದಾದಂತೆ ಪೆಡಸಾಗಿ, ಮಡಿಕೆ ಬೀಳುವ ಕಡೆ ಸೀಳುತ್ತದೆ. ರಬ್ಬರಿನದು ಭಾರ, ಬೆಲೆಯೂ ಜಾಸ್ತಿ, ಆದರೆ ಮೆತ್ತಗಿರುತ್ತದೆ, ನೆಲವನ್ನು ಚೆನ್ನಾಗಿ ಹಿಡಿಯುತ್ತದೆ. ಡೀಸೆಲ್, ಸೀಮೆಎಣ್ಣೆ ತಾಗಿದರೆ ಮಾತ್ರ ಉಬ್ಬಿ ಹಾಳಾಗುತ್ತದೆ. ಬರೀ ಕೊಟ್ಟಿಗೆ ಕೆಲಸಕ್ಕೆ ಪಿ.ವಿ.ಸಿ.ಯೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಯಾವುದಾದರೂ ಐ.ಎಸ್.ಐ. ಗುರುತು ನೋಡಿ: ಪಿ.ವಿ.ಸಿ.ಗೆ ಐ.ಎಸ್. 12254, ರಬ್ಬರಿಗೆ ಐ.ಎಸ್. 5557.

ಅಂಗಡಿಯಲ್ಲೇ ಬೂಟನ್ನು ಪಾದ ಬಾಗುವ ಜಾಗದಲ್ಲಿ ಮಡಚಿ ನೋಡಿ. ಅಲ್ಲಿ ಬಿಳಿ ಗೆರೆ ಮೂಡಿದರೆ ಬೇಗ ಸೀಳುವ ಮಾಲು. ಅಡಿಯ ಗೀರುಗಳನ್ನೂ ನೋಡಬೇಕು. ಹೊಲದ ಕೆಸರಿಗೆ ಆಳವಾದ ಗೀರು ಒಳ್ಳೆಯದು, ಕೊಟ್ಟಿಗೆಗೆ ಅಗಲವಾದ ಗೀರು ಇರಲಿ, ಆಳದ್ದರಲ್ಲಿ ಸಗಣಿ ಕಟ್ಟಿಕೊಂಡು ಜಾರುತ್ತದೆ. ಎತ್ತರ ಕೊಟ್ಟಿಗೆಗೆ ಮೀನಖಂಡದವರೆಗೆ ಸಾಕು, ಹುಲ್ಲು ಕೊಯ್ಯಲು ಹೊಲಕ್ಕೂ ಹೋಗುವವರು ಮಂಡಿಯ ತನಕ ಬರುವುದನ್ನೇ ಕೊಳ್ಳಿ. ಬೆರಳ ಮೇಲೆ ಸ್ಟೀಲು ತಗಡು ಇರುವುದೂ ಸಿಗುತ್ತದೆ. ತುಳಿಯುವ ಎಚ್.ಎಫ್. ಹಸು ಇದ್ದರೆ ಸರಿ, ಇಲ್ಲದಿದ್ದರೆ ಸುಮ್ಮನೆ ಭಾರ. ಮನೆಗೆ ತಂದ ದಿನ ಒಳಗೆ ಒಣ ನ್ಯೂಸ್ ಪೇಪರ್ ತುರುಕಿ, ಅಂಚು ಮುಳುಗದಂತೆ ಬಕೆಟ್ಟು ನೀರಿನಲ್ಲಿ ಅರ್ಧ ಗಂಟೆ ಒತ್ತಿ ನಿಲ್ಲಿಸಿ. ಪೇಪರ್ ಒದ್ದೆಯಾಗಿದ್ದರೆ ಬಿಲ್ಲಿನ ಸಮೇತ ವಾಪಸು ಕೊಡಿ.

ಸಕ್ಕರೆ ಕಾಯಿಲೆ ಇರುವ ಸೋದರಿಯರಿಗೆ ಒಂದು ಎಚ್ಚರಿಕೆಯ ಮಾತು. ಪಾದಕ್ಕೆ ಸ್ಪರ್ಶ ಕಡಿಮೆಯಾಗಿದ್ದರೆ ಒಳಗಿನ ಸಣ್ಣ ಕಲ್ಲೂ ಗೊತ್ತಾಗದೆ ಗಾಯ ಮಾಡುತ್ತದೆ. ಹಾಕುವ ಮೊದಲು ಬೂಟನ್ನು ತಲೆಕೆಳಗು ಮಾಡಿ ಕೊಡವಿ. ಇದು ಎಲ್ಲರೂ ಮಾಡಬೇಕಾದ್ದೇ, ಚೇಳು ಜರಿಗಳಿಗೆ ಕತ್ತಲೆ ಜಾಗ ಬಲು ಇಷ್ಟ. ಕೆಲಸ ಮುಗಿದ ಮೇಲೆ ಕಾಲು ತೊಳೆದು ಬೆರಳ ಸಂದಿ ಒರೆಸಿ. ಕಾಲುಚೀಲ ದಿನವೂ ಒಗೆದದ್ದೇ ಆಗಬೇಕು. ಬೂಟಿನೊಳಗೆ ಬೆವರಿ ನೆಂದ ಕಾಲಿಗೂ ಹುಣ್ಣಾಗುತ್ತದೆ.

ಇನ್ನೊಂದು ಮಾತು. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರಕ್ಕೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಕರೆತಂದದ್ದು ನೆನಪಿರಬಹುದು. ಅಂಥ ನೀರಿಗೆ ಗಮ್ ಬೂಟು ನಂಬಿ ಇಳಿಯಬೇಡಿ. ಮೇಲಿನಿಂದ ನೀರು ತುಂಬಿದರೆ ಕಾಲು ಎತ್ತಲಾಗುವುದಿಲ್ಲ.

ಬೆಲೆ ಸಾಧಾರಣ ಪಿ.ವಿ.ಸಿ.ಯದು 500 ರೂಪಾಯಿ ಆಸುಪಾಸು, ಒಳ್ಳೆಯದಕ್ಕೆ ಸಾವಿರದವರೆಗೂ ಆದೀತು. ಹಾಲಿನ ಬಟವಾಡೆ ಬಂದ ವಾರವೇ ತೆಗೆದಿಡಿ, ಆಮೇಲೆ ಉಳಿಯುವುದಿಲ್ಲ. ನವೆಂಬರಿನಲ್ಲಿ ಜಿ.ಕೆ.ವಿ.ಕೆ.ಯಲ್ಲಿ ಕೃಷಿ ಮೇಳ ನಡೆಯುತ್ತದಲ್ಲ, ಹೋದವರು ಸಲಕರಣೆಯ ಮಳಿಗೆಗಳಲ್ಲಿ ಬೂಟು ಇದೆಯೇ ಎಂದು ವಿಚಾರಿಸಿ. ಕಾಗದದ ಅಳತೆ ಬ್ಯಾಗಿನಲ್ಲೇ ಇರಲಿ. ತಂದ ಮೇಲೆ ದಿನವೂ ತೊಳೆದು, ನೆರಳಿನಲ್ಲಿ ಗೂಟಕ್ಕೆ ಬೋರಲು ಹಾಕಿ ಒಣಗಿಸಿ. ಬಿಸಿಲಿಗೂ ಒಲೆಯ ಹತ್ತಿರವೂ ಇಡಬೇಡಿ. ಒಳಗೆ ನಿಮ್ಮ ಹೆಸರು ಬರೆದಿಡಿ, ಇಲ್ಲದಿದ್ದರೆ ಮಗ ಹಾಕಿಕೊಂಡು ಹೋಗಿರುತ್ತಾನೆ.